ಗುರುತು ಹಾಕದ ಹುಸೇನಪ್ಪ ಕಾಕಾ

ಹುಸೇನಪ್ಪ ಕಾಕಾ ತಮಗೆ ಬೇಕಾದ ವಸ್ತುವಿನ ಕಡೆಗೆ ಎಂದೂ ನೆಟ್ಟಗೆ ನಡೆದವರಲ್ಲ. ನಮ್ಮ ಕಚೇರಿಯ ಎದುರಿಗೇ ಚಹಾದ ಬಂಡಿ. ಬಾಗಿಲಿನಿಂದ ಮೂಗಿನ ನೇರಕ್ಕೆ ನಡೆದರೆ ನಲವತ್ತು ಹೆಜ್ಜೆ. ಕಾಕಾ ಮಾತ್ರ ಮೊದಲು ಬೇವಿನ ಗಿಡದ ಕಡೆ ಹೋಗಿ, ಅಲ್ಲಿ ನಿಂತು ಎತ್ತಲೋ ನೋಡಿ, ಆಮೇಲೆ ಜೆರಾಕ್ಸ್ ಅಂಗಡಿಯ ಗೋಡೆಗುಂಟ ಸರಿದು, ಬಂಡಿಯನ್ನೂ ದಾಟಿ ಎರಡು ಹೆಜ್ಜೆ ಮುಂದೆ ಹೋಗಿ, ಏನೋ ನೆನಪಾದವರ ಹಾಗೆ ತಿರುಗಿ "ಒಂದ್ ಚಾ ಕೊಡಪ್ಪ" ಅನ್ನುತ್ತಿದ್ದರು. ಬಂಡಿಯವನಿಗೆ ಅದು ರೂಢಿಯಾಗಿಹೋಗಿತ್ತು. ಕಾಕಾ ಬೇವಿನ ಗಿಡದ ಕೆಳಗೆ ನಿಂತಾಗಲೇ ಚಹಾ ಸೋಸಿ ಇಟ್ಟಿರುತ್ತಿದ್ದ.

ನಾನು ಸೇಡಂ ತಾಲೂಕಿಗೆ ಸರ್ವೇಯರ್ ಆಗಿ ಹೊಸದಾಗಿ ಬಂದಿದ್ದೆ. ನನ್ನೂರು ಶಹಾಬಾದ. ಅಪ್ಪ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿಯಲ್ಲಿ ಕಲ್ಲು ಎಬ್ಬಿಸಿ ನನ್ನನ್ನು ಓದಿಸಿದವನು. ಹೆಣ್ಣುಮಗಳು ಹೊಲ ಅಳೆಯಲಿಕ್ಕೆ ಬಂದಳೆಂದರೆ ನಗುವ ಜನರ ನಡುವೆ ಕೆಲಸ ಮಾಡಬೇಕಾಗಿತ್ತು. ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು. ಹುಸೇನಪ್ಪ ಕಾಕಾ ನಮ್ಮ ಕಚೇರಿಯ ಬಾಂದು ಜವಾನ. ಹೊಲಗಳ ಗಡಿಗೆ ಹೂತ ಕಲ್ಲಿಗೆ ಬಾಂದು ಕಲ್ಲು ಅನ್ನುತ್ತಾರೆ. ಮುಳ್ಳುಕಂಟಿಯೊಳಗೆ, ಮಣ್ಣಿನೊಳಗೆ ಮುಚ್ಚಿಹೋದ ಆ ಕಲ್ಲುಗಳನ್ನು ಹುಡುಕಿ ತೋರಿಸುವುದು, ಸರಪಳಿ ಹಿಡಿಯುವುದು ಅವರ ಕೆಲಸ. ಅವರು ಚಹಾಕ್ಕೆ ಹೋಗುವ ರೀತಿ ನೋಡಿಯೇ ನಾನು, ಈ ಮುದುಕ ಭಾಳ ಕಪಟಿ ಇದ್ದಾನ ಎಂದು ತೀರ್ಮಾನ ಮಾಡಿಬಿಟ್ಟಿದ್ದೆ. ನನ್ನ ತೀರ್ಮಾನಗಳೆಲ್ಲ ಹಾಗೇ, ಬಲು ಬೇಗ ಆಗುತ್ತವೆ.

ಒಣಗಿದ ತೊಗರಿ ಕಟ್ಟಿಗೆಯಂಥ ಮೈ. ತೋಳು ಮಡಚಿದ ಬಿಳಿ ಅಂಗಿ, ಹೆಗಲ ಮೇಲೆ ನೀಲಿ ವಲ್ಲಿ, ಕೈಯಲ್ಲಿ ಹಳೆಯ ಛತ್ರಿ. ಎದುರಿಗೆ ಯಾರು ಬಂದರೂ "ಜೈಭೀಮ್ ರೀ" ಅನ್ನುವುದು, ಆದರೆ ಅನ್ನುವಾಗಲೂ ಎದುರಿನವರ ಮುಖ ನೋಡದೆ ಅವರ ಹೆಗಲಾಚೆ ನೋಡುವುದು. ನಡೆಯುವಾಗ ತುಟಿ ಅಲ್ಲಾಡುತ್ತಲೇ ಇರುತ್ತಿತ್ತು. ಮಂತ್ರವಲ್ಲ, ಹೆಜ್ಜೆ ಲೆಕ್ಕ. ಮದುವೆಯ ಮಂಟಪಕ್ಕೆ ಹೋದರೂ ಬಾಗಿಲಿನಿಂದ ಊಟದ ಪಂಕ್ತಿಗೆ ಎಷ್ಟು ಹೆಜ್ಜೆ ಎಂಬುದು ಅವರಿಗೆ ಗೊತ್ತಿರುತ್ತಿತ್ತು.

ಅವರು ಕಪಟಿಯಲ್ಲ ಎಂಬುದು ಯುಗಾದಿ ಮುಗಿದ ಹದಿನೈದು ದಿನಕ್ಕೆ ಗೊತ್ತಾಯಿತು. ಚಿತ್ತಾಪುರದ ಕಡೆ ಹೋಗುವ ರಸ್ತೆಯ ಪಕ್ಕ ಒಂದು ಹೊಲದ ಗಡಿ ಅಳೆಯುವುದಿತ್ತು. ಹೊಲದ ಅಂಚಿಗೆ ಹತ್ತಿದಂತೆ ಒಂದು ಕಲ್ಲುನೆಲ. ಹುಲ್ಲಿಲ್ಲ, ಗಿಡವಿಲ್ಲ, ಕಾದ ಕಾವಲಿಯ ಹಾಗೆ ಬಿದ್ದಿತ್ತು. ನಾನು ಕಣ್ಣು ನಕ್ಷೆಯ ಮೇಲಿಟ್ಟುಕೊಂಡು ಸರಸರ ನಡೆದಿದ್ದೆ.

"ಮೇಡಂ, ನಿಂದರ್ರಿ! ಎತ್ತಿದ ಕಾಲ ಇಡಬ್ಯಾಡ್ರಿ!"

ಹಾವು ಎಂದುಕೊಂಡೆ. ಒಂಟಿ ಕಾಲಿನ ಮೇಲೆ ನಿಂತೆ. ಕಾಕಾ ಓಡಿ ಬರಲಿಲ್ಲ. ಅಂಥ ಹೊತ್ತಿನಲ್ಲೂ ಸುತ್ತು ಹಾಕಿಕೊಂಡು, ಬಗ್ಗಿಕೊಂಡು, ನೆಲ ನೋಡುತ್ತ ಬಂದರು.

"ಹಿಂದಕ ಇಡ್ರಿ. ಬಂದ ಹೆಜ್ಜಿ ಮ್ಯಾಲೇ ಇಡ್ರಿ. ಹಾಂ... ಇನ್ನೊಂದ್. ಈಗ ಕೆಳಗ ನೋಡ್ರಿ."

ನೋಡಿದೆ. ಕಲ್ಲು, ಆಡಿನ ಹಿಕ್ಕೆ, ಮತ್ತೆ ಕಲ್ಲು.

"ಆ ಕರೀ ಕಲ್ಲಿನ ಬಲಕ್ಕ ಒಂದ್ ಗೇಣು."

ಆಗ ಕಂಡವು, ಎರಡು ತತ್ತಿ. ಮಣ್ಣಿನ ಬಣ್ಣ, ಮೈತುಂಬ ಕಪ್ಪು ಚುಕ್ಕೆ. ನನ್ನ ಚಪ್ಪಲಿ ಬೀಳಬೇಕಾಗಿದ್ದ ಜಾಗದಲ್ಲೇ ಇದ್ದವು. ಗೂಡು ಎಲ್ಲಿದೆ ಎಂದು ಕೇಳಿದೆ.

"ಇದೇ ಗೂಡು ರೀ. ಕಡ್ಡಿ ಇಲ್ಲ, ಹತ್ತಿ ಇಲ್ಲ. ನೆಲನೇ ಗೂಡು. ಇದು ಗಿರ್ದಾವರನ ತತ್ತಿ."

ಗಿರ್ದಾವರ ಎಂದರೆ ನಿಜಾಮನ ಕಾಲದ ಕಂದಾಯ ಅಧಿಕಾರಿ, ಹೊಲಹೊಲ ತಿರುಗಿ ಬೆಳೆ ನೋಡಿ ಬರೆದುಕೊಳ್ಳುವವನು. ನಮ್ಮ ಕಡೆಯ ಹಿರಿಯರ ಬಾಯಲ್ಲಿ ಆ ಹೆಸರು ಈಗಲೂ ಇದೆ. ಕಾಕಾ ಕಣ್ಣಿನಲ್ಲೇ ತೋರಿಸಿದ ಕಡೆ ನೋಡಿದರೆ ದೂರದಲ್ಲಿ ಒಂದು ಹಕ್ಕಿ. ಮಣ್ಣು ಬಣ್ಣದ ಬೆನ್ನು, ಕಾವಿ ಬಣ್ಣದ ಎದೆ, ಕಣ್ಣಿನ ಗುಂಟ ಕಾಡಿಗೆ ತೀಡಿದಂಥ ಕಪ್ಪು ಗೆರೆ, ಅದರ ಮೇಲೊಂದು ಬಿಳಿ ಗೆರೆ, ಸುಣ್ಣ ಬಳಿದಂಥ ಉದ್ದ ಕಾಲು. ಅದು ಹತ್ತು ಹೆಜ್ಜೆ ಓಡಿತು. ಗಕ್ಕನೆ ನಿಂತು ಮೈ ನೆಟ್ಟಗೆ ಮಾಡಿತು. ಬಗ್ಗಿ ನೆಲ ನೋಡಿತು. ಮತ್ತೆ ಓಡಿತು. ಥೇಟ್ ಗಿರ್ದಾವರ! ನಾನು ನಕ್ಕುಬಿಟ್ಟೆ. ಕಾಕಾ ನಗಲಿಲ್ಲ. "ಲಗು ನಡೀರಿ, ಬಿಸಲಿಗಿ ತತ್ತಿ ಬೇಯ್ತಾವ" ಎಂದು ಛತ್ರಿ ಬಗಲಿಗೆ ಸೇರಿಸಿದರು.

ದೂರ ಬಂದು ಬೆನ್ನು ತಿರುಗಿಸಿ ಕುಳಿತೆವು. ನಾವು ನೋಡುತ್ತಿದ್ದರೆ ಅದು ಗೂಡಿಗೆ ಬರುವುದಿಲ್ಲವಂತೆ. ಮೊಟ್ಟೆ ಬೆಚ್ಚಗಾಗಲಿ ಎಂದು ಉಳಿದ ಹಕ್ಕಿಗಳು ಕಾವು ಕೊಡುತ್ತವೆ, ಈ ಹಕ್ಕಿ ನಡುಹಗಲಿನಲ್ಲಿ ತತ್ತಿಗೆ ತನ್ನ ಮೈಯ ನೆರಳು ಕೊಟ್ಟು ನಿಲ್ಲುತ್ತದಂತೆ. "ನಮ್ಮ ಬಿಸಲ ಅದಕ್ಕ ಗೊತ್ತದ ರೀ" ಅಂದರು ಕಾಕಾ. ಆಗ ನನಗೆ ಚಹಾದ ಬಂಡಿಯ ಸುತ್ತುದಾರಿ ಅರ್ಥವಾಯಿತು. ನಲವತ್ತು ವರ್ಷ ಇಂಥ ಹಕ್ಕಿಗಳ ಸುತ್ತ ನಡೆದ ಕಾಲಿಗೆ ನೆಟ್ಟಗೆ ಹೋಗುವುದೇ ಮರೆತುಹೋಗಿತ್ತು.

ಅವರ ಬಾಯಲ್ಲಿ ಒಂದು ಮಾತು ಪದೇಪದೇ ಬರುತ್ತಿತ್ತು, ಖರಾಬ. ಬೇರೆಯವರಿಗೆ ಅದು ಕೆಟ್ಟುಹೋದದ್ದು. ತರಕಾರಿ ಖರಾಬ, ಹೊಟ್ಟೆ ಖರಾಬ, ಕಾಲ ಖರಾಬ. ನಮ್ಮ ಪಹಣಿ ಪತ್ರದಲ್ಲಿ ಮಾತ್ರ ಖರಾಬ ಎಂದರೆ ಉಳುಮೆಗೆ ಬಾರದ ನೆಲ. ಕಲ್ಲು, ಗುಂಡಿ, ಹಳ್ಳದ ದಂಡೆ, ಬಿಟ್ಟುಹೋದ ಖಣಿ. ನಾವು ಸರ್ವೇಯರುಗಳು ಅದನ್ನು ಒಟ್ಟು ಅಳತೆಯಿಂದ ಕಳೆದು ಮುಂದೆ ಹೋಗುತ್ತೇವೆ. ಯಾರೂ ತಿರುಗಿ ನೋಡುವುದಿಲ್ಲ.

"ಇದಕ್ಕ ಖರಾಬ ಅಂತ ಯಾರ ಬರದಾರೋ, ಅವರಿಗಿ ಪುಣ್ಯ ಬರಲಿ," ಅನ್ನುತ್ತಿದ್ದರು ಕಾಕಾ. "ಚಲೋ ಅಂತ ಬರದಿದ್ರ ಇಷ್ಟೊತ್ತಿಗಿ ತೊಗರಿ ಬೀಳತಿತ್ತು. ಗಿರ್ದಾವರ ಎಲ್ಲಿಗಿ ಹೋಗಬೇಕಿತ್ತು?"

ಅಲ್ಲಿಂದ ಮೂರು ಬೇಸಿಗೆ ನಮ್ಮ ಭಾನುವಾರಗಳು ಖರಾಬಿನಲ್ಲೇ ಕಳೆದವು. ನನ್ನ ಸ್ಕೂಟಿಯ ಹಿಂದೆ ಛತ್ರಿ ಹಿಡಿದು ಕಾಕಾ. ಶಹಾಬಾದದಲ್ಲಿ ನನ್ನಪ್ಪ ಕಲ್ಲು ಎಬ್ಬಿಸಿ ಬಿಟ್ಟುಹೋದ ಖಣಿ, ವಾಡಿಯ ಹಳಿಗಳಾಚೆಯ ಜಲ್ಲಿಕಲ್ಲಿನ ಬಯಲು, ಚಿಂಚೋಳಿ ದಾರಿಯ ಕೆಂಪು ಮುರುಮಿನ ದಿಬ್ಬ. ನಾನು ಚಿಕ್ಕವಳಿದ್ದಾಗ ಊಟದ ಬುತ್ತಿ ಹೊತ್ತು ದಿನವೂ ನಡೆದ ಖಣಿಯ ದಾರಿಯಲ್ಲಿ, ಕಲ್ಲಿನ ಚೂರುಗಳ ನಡುವೆ ಹಕ್ಕಿ ತತ್ತಿ ಇಡುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಕಾಕಾ ತೋರಿಸಿದಾಗ ನಾಚಿಕೆಯಾಯಿತು. ಗಿರ್ದಾವರ ಮಾತ್ರ ಎಲ್ಲೆಡೆ ಸಿಗಲಿಲ್ಲ. ಅವರ ಇಡೀ ಸರ್ವಿಸಿನಲ್ಲಿ ಅದು ತತ್ತಿ ಇಟ್ಟದ್ದನ್ನು ಕಂಡದ್ದು ಐದೇ ಜಾಗದಲ್ಲಿ. ಒಂದೊಂದಾಗಿ ಹೋದವು. ಕೊನೆಗೆ ಉಳಿದದ್ದು ಎರಡು. ಒಂದು ಚಿತ್ತಾಪುರದ ರಸ್ತೆಯದ್ದು, ಇನ್ನೊಂದು ಆಡಕಿಯ ಹತ್ತಿರದ್ದು.

ಆ ಜಾಗಗಳನ್ನು ಕಾಕಾ ಎಲ್ಲೂ ಬರೆದಿಡಲಿಲ್ಲ. ಬಾಂದು ಕಲ್ಲಿನಿಂದ ಪೂರ್ವಕ್ಕೆ ಇಷ್ಟು ಹೆಜ್ಜೆ, ಅಲ್ಲಿಂದ ಬಲಕ್ಕೆ ಇಷ್ಟು, ಎಲ್ಲ ಬಾಯಲ್ಲೇ. ನಾನು ಒಮ್ಮೆ ಮೊಬೈಲು ತೆಗೆದು ಜಾಗ ಗುರುತು ಮಾಡಿಕೊಳ್ಳಲು ಹೋದೆ. ಕಾಕಾ ಅಂಗೈಯಿಂದ ಮೊಬೈಲು ಮುಚ್ಚಿದರು.

"ಬ್ಯಾಡ್ರಿ ಯವ್ವಾ. ಗುರುತ ಇಡಬಾರದು. ಗುರುತ ಇಟ್ಟದ್ದು ಉಳಿಯಲ್ಲ."

"ಅದ್ಹ್ಯಾಂಗ ಕಾಕಾ? ನಾವು ಬಾಂದು ಕಲ್ಲು ಇಡೋರು. ಗುರುತ ಇಡೋದೇ ನಮ್ಮ ನೌಕರಿ!"

ಆಗ ಅವರು ಕೊಡ್ಲಿ ಊರಿನ ಕಡೆಯ ಕಥೆ ಹೇಳಿದರು. ಹರೆಯದಲ್ಲಿ ಅವರು ಅಲ್ಲೊಂದು ಗಿರ್ದಾವರನ ತತ್ತಿ ಕಂಡಿದ್ದರಂತೆ. ಮರುವಾರ ಬಂದಾಗ ತಾವೇ ತುಳಿದುಬಿಡಬಾರದೆಂದು ಪಕ್ಕದಲ್ಲಿ ಮೂರು ಕಲ್ಲು ಒಟ್ಟಿ ಬಂದರು. ನಾಲ್ಕನೇ ದಿನಕ್ಕೆ ಯಾರೋ ಆ ಕಲ್ಲಿಗೆ ಕುಂಕುಮ ಹಚ್ಚಿದರು. ಆರನೇ ದಿನಕ್ಕೆ ಕಾಯಿ ಒಡೆದರು. ಮರುವಾರ ಕಾಕಾ ಹೋಗಿ ನೋಡಿದರೆ ಹೆಣ್ಣುಮಕ್ಕಳು ಸಾಲಾಗಿ ಕುಳಿತು ಹೋಳಿಗೆ ನೈವೇದ್ಯ ಹಿಡಿಯುತ್ತಿದ್ದರಂತೆ.

"ನನಗೂ ಪರಸಾದ ಕೊಟ್ಟರು ರೀ, ತಿಂದು ಬಂದೀನಿ. ಏನ್ ಹೇಳಲಿ? ಆ ದೇವರು ಇನ್ನಾ ಅದಾನ. ಹಕ್ಕಿ ಇಲ್ಲ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅದು ನಗುವ ಕಥೆಯಲ್ಲ ಎಂಬುದು ಆಗ ತಲೆಗೆ ಹೋಗಲಿಲ್ಲ.

ಮೂರನೆಯ ಬೇಸಿಗೆಗೆ ಚಿತ್ತಾಪುರ ರಸ್ತೆಯ ಜಾಗ ಹೋಯಿತು. ಯಾರೋ ಅಲ್ಲಿ ಹಳೇ ಇಟ್ಟಿಗೆ ತಂದು ಸುರಿದಿದ್ದರು. ಉಳಿದದ್ದು ಆಡಕಿಯದು ಒಂದೇ. ಕಾಕಾ ಆ ಜೂನಿಗೆ ನಿವೃತ್ತರಾಗುವವರಿದ್ದರು. "ಹೋಗೂದರಾಗ ಒಮ್ಮಿ ಗಿರ್ದಾವರನ ಮರಿ ನೋಡಬೇಕ್ರಿ," ಅನ್ನುತ್ತಿದ್ದರು. "ತತ್ತಿ ನೋಡೀನಿ, ಹಕ್ಕಿ ನೋಡೀನಿ, ಮರಿ ಒಮ್ಮಿನೂ ಕಣ್ಣಿಗಿ ಬಿದ್ದಿಲ್ಲ. ಹುಟ್ಟಿದ ದಿನಾನೇ ಎದ್ದು ಓಡತಾವಂತ." ಅಷ್ಟೇ ಅವರ ಆಸೆ. ನಲವತ್ತು ವರ್ಷದ ನೌಕರಿಗೆ ಅವರು ಕೇಳಿದ್ದು ಅಷ್ಟೇ.

ಅದೇ ಏಪ್ರಿಲ್‌ನಲ್ಲಿ ರಸ್ತೆ ಕೆಲಸಕ್ಕೆಂದು ಆಡಕಿಯ ಆ ಖರಾಬಿನಿಂದ ಮುರುಮು ಎಂಬ ಗರಸು ಮಣ್ಣು ತೆಗೆಯಲು ಅನುಮತಿ ಆಯಿತು. ಗಡಿ ತೋರಿಸಿಕೊಡಲು ನನಗೇ ಕೆಲಸ ಬಂತು. ಕಾಕಾ ಮೊಮ್ಮಗಳ ಜವಳಕ್ಕೆಂದು ರಜೆ ಹಾಕಿ ಮಗಳ ಊರು ಚಿಮ್ಮನಚೋಡಕ್ಕೆ ಹೋಗಿದ್ದರು. ನಾನೊಬ್ಬಳೇ ಹೋದೆ. ಮನಸ್ಸಿನಲ್ಲಿ ಒಂದೇ ಪ್ರಾರ್ಥನೆ, ಈ ವರ್ಷ ಇಲ್ಲಿ ತತ್ತಿ ಇಲ್ಲದಿರಲಿ. ಆದರೆ ಕಾಲು ಒಳಗಿಟ್ಟ ಕೂಡಲೇ ದೂರದಲ್ಲಿ ಗಿರ್ದಾವರ ಓಡಿ, ನಿಂತು, ಬಗ್ಗಿ ನೋಡಿತು. ಕಾಕಾ ಕಲಿಸಿದ ಹಾಗೆ ಸುತ್ತು ಹಾಕಿದೆ, ಬೆನ್ನು ತಿರುಗಿಸಿ ಕುಳಿತೆ, ಮತ್ತೆ ಸುತ್ತು ಹಾಕಿದೆ. ಒಂದೂವರೆ ತಾಸಿನ ಮೇಲೆ ಎರಡು ತತ್ತಿ ಸಿಕ್ಕವು. ನಾನೊಬ್ಬಳೇ ಹುಡುಕಿದ ಮೊದಲ ಗೂಡು!

ಗುತ್ತಿಗೆದಾರನ ಸೂಪರ್‌ವೈಸರ್ ಕೆಟ್ಟ ಮನುಷ್ಯನಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿದ. "ಆತು ಮೇಡಂ, ಆ ಕಡಿ ತುದೀಲಿಂದ ಸುರು ಮಾಡಸ್ತೀನಿ. ಈ ಮೂಲಿ ಮೂರು ವಾರ ಬಿಡ್ತೀನಿ. ಒಂದ್ ಗುರುತ ಹಾಕಿ ಕೊಡ್ರಿ, ಸಾಕು" ಅಂದ.

ಗುರುತು. ಕಾಕಾನ ಮಾತು ನೆನಪಾಗಲಿಲ್ಲ ಎಂದರೆ ಸುಳ್ಳಾದೀತು. ನೆನಪಾಯಿತು. ಅದು ಹಳೆಯ ಕಾಲದ ಮಾತು, ಇದು ಕಾನೂನಿನ ಕೆಲಸ ಎಂದು ನನ್ನ ಶಾಣ್ಯಾತನ ಹೇಳಿತು. ಸುಣ್ಣದ ಪುಡಿ ತರಿಸಿ ತತ್ತಿಯ ಸುತ್ತ, ಹತ್ತು ಹೆಜ್ಜೆ ದೂರ ಬಿಟ್ಟು, ಬಳೆಯ ಹಾಗೆ ದುಂಡಗೆ ಗೆರೆ ಎಳೆದೆ. ಉಳಿದ ಅರ್ಧ ಚೀಲವನ್ನು ದೂರದ ಒಂದು ಜಾಲಿ ಗಿಡದ ಬುಡಕ್ಕೆ ಇಟ್ಟೆ. ದೂರ ನಿಂತು ನೋಡಿದರೆ ಬಿಳೀ ವೃತ್ತ ಚಂದ ಕಾಣಿಸಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುದಿನ ಬೆಳಿಗ್ಗೆ ಎಂಟಕ್ಕೆ, ಮಗಳ ಊರಿನಿಂದ ತಿರುಗಿ ಬರುತ್ತಿದ್ದ ಕಾಕಾನ ಫೋನು.

"ಮೇಡಂ, ಬಸ್ಸಿನ್ಯಾಗಿಂದ ನೋಡೀನಿ. ಖರಾಬಿನ್ಯಾಗ ಸುಣ್ಣದ ಗೆರಿ ಅದ. ಯಾರ ಹಾಕ್ಯಾರ?"

"ನಾನೇ ಹಾಕೀನಿ ಕಾಕಾ! ಗಿರ್ದಾವರಂದು ಎರಡು ತತ್ತಿ ಅವ. ನಾ ಒಬ್ಬಾಕಿನೇ ಹುಡಕೀನಿ!"

ಆ ಕಡೆಯಿಂದ ಯಂತ್ರದ ದಡದಡ ಸಪ್ಪಳ ಕೇಳಿಸಿತು. ಕಾಕಾ ಬಸ್ಸಿನಿಂದ ಇಳಿದೇ ಮಾತಾಡುತ್ತಿದ್ದರು.

"ಯವ್ವಾ, ಜೆಸಿಬಿ ಸುಣ್ಣದ ಕಡೀಗೇ ಹೊಂಟದ. ಲಗು ಬರ್ರಿ."

ಮನೆ ಪಾಯಕ್ಕೆ ಸುಣ್ಣದ ಗೆರೆ ಹಾಕುವವರು ನಾವು. ನಲ್ಲಿಯ ಪೈಪಿಗೆ, ಚರಂಡಿಗೆ, ಕಂಬದ ಕುಣಿಗೆ ಸುಣ್ಣದ ಗೆರೆ ಹಾಕುವವರು ನಾವು. ಈ ಸೀಮೆಯಲ್ಲಿ ಸುಣ್ಣ ಹಾಕಿದರೆ ಅದರರ್ಥ ಒಂದೇ, ಇಲ್ಲಿ ಅಗೆ. ಅದು ಕೂಲಿಯ ಕೂಸಿಗೂ ಗೊತ್ತು. ಅಗೆಯಬೇಡ ಎಂದು ಹೇಳಲಿಕ್ಕೆ ಅಗೆ ಎಂದು ಬರೆದು ಬಂದಿದ್ದೆ ನಾನು! ಸ್ಕೂಟಿಯನ್ನು ಹೇಗೆ ಓಡಿಸಿದೆನೋ ನನಗೆ ನೆನಪಿಲ್ಲ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡದ್ದು ಮಾತ್ರ ನೆನಪಿದೆ.

ಹೋಗಿ ನೋಡಿದರೆ ಸುಣ್ಣದ ಗೆರೆಯ ಮೇಲೆ ಕಾಕಾ ನಿಂತಿದ್ದಾರೆ. ಎರಡೂ ಕೈಯಲ್ಲಿ ಛತ್ರಿಯನ್ನು ಅಡ್ಡ ಹಿಡಿದಿದ್ದಾರೆ. ಅವರ ತಲೆಯಿಂದ ಒಂದು ಮಾರು ದೂರದಲ್ಲಿ ಜೆಸಿಬಿಯ ಹಲ್ಲು. ಮೇಲೆ ಕುಳಿತ ಡ್ರೈವರ್ ತಾಂಡೂರು ಕಡೆಯವನು, ನಡುವಯಸ್ಸಿನವನು, ಕೂಗಾಡುತ್ತಿದ್ದ. ಸೂಪರ್‌ವೈಸರ್ ಇರಲಿಲ್ಲ. ಅವನ ಫೋನು ಹತ್ತಲಿಲ್ಲ.

"ಅಕ್ಕಾ, ಈ ಮುದುಕಗ ಹೇಳ್ರಿ! ಚೂನಾ ಹಾಕಿದಲ್ಲಿ ತೋಡಬೇಕಲ್ರಿ ನಾ?"

"ನಾನೇ ಸರ್ವೇಯರ್. ಚೂನಾ ನಾನೇ ಹಾಕೀನಿ. ಒಳಗ ಹಕ್ಕಿ ತತ್ತಿ ಅವ, ತೋಡಬ್ಯಾಡ ಅಂತ ಹಾಕೀನಿ!"

ಅವನು ನನ್ನನ್ನು ನೋಡಿ, ಕಾಕಾನನ್ನು ನೋಡಿ, ಮತ್ತೆ ನನ್ನನ್ನು ನೋಡಿದ. "ತೋಡಬ್ಯಾಡ ಅಂತ ಯಾರರೆ ಚೂನಾ ಹಾಕ್ತಾರೇನ್ರಿ?" ಅಂದ.

ಸೂಪರ್‌ವೈಸರ್ ಬಾಯಿಂದ ಕೇಳುವತನಕ ತಾನು ನಂಬುವವನಲ್ಲ ಎಂದು ಅವನು ಎಂಜಿನ್ ಆರಿಸದೆ ಕುಳಿತ. ಅವನ ತಪ್ಪೂ ಅಲ್ಲ. ನಾಳೆ ಕೆಲಸ ಯಾಕೆ ಆಗಲಿಲ್ಲ ಎಂದು ಕೇಳುವುದು ಅವನನ್ನೇ.

ಬಿಸಿಲು ಏರುತ್ತಿತ್ತು. ಕಲ್ಲು ಆಗಲೇ ಚುರುಗುಟ್ಟುತ್ತಿತ್ತು. ಗಿರ್ದಾವರ ದೂರದ ದಿಬ್ಬದ ಮೇಲೆ ಆ ಕಡೆ ಓಡುತ್ತಿತ್ತು, ನಿಲ್ಲುತ್ತಿತ್ತು, ಈ ಕಡೆ ಓಡುತ್ತಿತ್ತು.

"ನಾ ಇಲ್ಲಿ ನಿಂತ್ರ ಹಕ್ಕಿ ಬರಲ್ಲ," ಅಂದರು ಕಾಕಾ ಮೆಲ್ಲಗೆ. "ನಾ ಸರದ್ರ ಇಂವ ಬಿಡಲ್ಲ. ಎರಡರಾಗೂ ತತ್ತಿ ಹೋಗ್ತಾವ. ಒಂದ್ ಅರ್ಧಾ ತಾಸು ಅದ, ಜಾಸ್ತಿ ಇಲ್ಲ."

ನಾನು ಅಳುವುದೊಂದು ಬಾಕಿ. ಕಾಕಾ ಛತ್ರಿ ಕೆಳಗಿಟ್ಟರು. ಮೊಣಕಾಲೂರಿ ಕುಳಿತರು. ಹೆಗಲ ಮೇಲಿನ ನೀಲಿ ವಲ್ಲಿ ತೆಗೆದು, ಸುಣ್ಣದ ಗೆರೆಯನ್ನು ಒರೆಸತೊಡಗಿದರು.

"ನೋಡ್ತೀರೇನು ಯವ್ವಾ? ಅಳಸ್ರಿ!"

ನಾನು ಆ ಕಡೆಯಿಂದ ಶುರು ಮಾಡಿದೆ. ಕೈಯಿಂದ ಮಣ್ಣು ಬಾಚಿ ಬಾಚಿ ಗೆರೆಯ ಮೇಲೆ ಹಾಕಿದೆ, ತಿಕ್ಕಿದೆ. ಸುಣ್ಣ ಬೆರಳ ಸಂದಿಗೆ ಇಳಿದು ಉರಿ ಹತ್ತಿತು. ಬಗ್ಗಿ ಬಗ್ಗಿ, ತತ್ತಿಯ ಕಡೆ ಹೊರಳಿಯೂ ನೋಡದೆ, ಇಬ್ಬರೂ ವೃತ್ತವನ್ನು ತಿಂದುಕೊಂಡು ಬಂದೆವು. ಡ್ರೈವರ್ ಬಾಯಿ ತೆರೆದು ನೋಡುತ್ತಿದ್ದ. ಇಬ್ಬರೂ ಒಂದೆಡೆ ಕೂಡಿದಾಗ ನೆಲದ ಮೇಲೆ ಸುಣ್ಣ ಇರಲಿಲ್ಲ.

ಕಾಕಾ ಎದ್ದು ಹೋಗಿ ಜಾಲಿ ಗಿಡದ ಬುಡದ ಅರ್ಧ ಚೀಲ ಸುಣ್ಣವನ್ನು ಹೆಗಲಿಗೆ ಹಾಕಿಕೊಂಡರು. "ಬಾರಪ್ಪ, ಚೂನಾ ಬೇಕಲ್ಲ ನಿನಗ? ಹಾಕಿ ಕೊಡ್ತೀನಿ" ಎಂದರು. ದಿಬ್ಬದ ಆಚೆ, ಸೂಪರ್‌ವೈಸರ್ ಒಪ್ಪಿದ್ದ ತುದಿಗೆ ಹೋದರು. ಹೋದದ್ದು ನೆಟ್ಟಗೆ. ಕಾಕಾ ನೆಟ್ಟಗೆ ನಡೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಲ್ಲಿ ಉದ್ದಕ್ಕೂ ಒಂದು ಬಿಳೀ ಗೆರೆ ಎಳೆದರು. ಡ್ರೈವರ್ ಗಾಡಿ ತಿರುಗಿಸಿದ. ಗೆರೆ ಎಲ್ಲಿದೆಯೋ ಅಲ್ಲಿ ಕೆಲಸ. ಅವನಿಗೆ ಬೇಕಾಗಿದ್ದೂ ಅಷ್ಟೇ.

ನಾವಿಬ್ಬರೂ ಗೂಡಿಗೆ ಬೆನ್ನು ಕೊಟ್ಟು, ದಿಬ್ಬದ ಕಡೆ ಮುಖ ಮಾಡಿ ಜಾಲಿ ಗಿಡದ ಕೆಳಗೆ ಕುಳಿತೆವು. ಕಾಕಾನ ತುಟಿ ಅಲ್ಲಾಡುತ್ತಿತ್ತು. ಈ ಸಲ ಎಣಿಸಲು ಹೆಜ್ಜೆಗಳೇ ಇರಲಿಲ್ಲ, ಬರೀ ಹೊತ್ತು. ನಾನು ತಿರುಗಲು ಹೋದೆ. "ಹೂಂ ಹೂಂ" ಎಂದರು. ಇನ್ನೂ ಸ್ವಲ್ಪ ಹೊತ್ತಾಯಿತು. ನನ್ನ ಕುತ್ತಿಗೆ ಬಿಗಿದು ಕಲ್ಲಾಯಿತು. ಬೇಯುತ್ತಿರುವ ತತ್ತಿಯ ಯೋಚನೆಯೊಂದೇ ತಲೆಯಲ್ಲಿ.

ದಿಬ್ಬದ ಆಚೆ ಜೆಸಿಬಿಯ ಸಪ್ಪಳ ನಿಂತಿತು. ಡ್ರೈವರ್ ತನ್ನ ಎತ್ತರದ ಸೀಟಿನಲ್ಲಿ ಎದ್ದು ನಿಂತು ನಮ್ಮ ತಲೆಯ ಮೇಲಿಂದ ದೂರಕ್ಕೆ ನೋಡುತ್ತಿದ್ದ. ಕೂಗಲಿಲ್ಲ. ಕೈ ಎತ್ತಿ, ಅಂಗೈ ಕೆಳಗೆ ಮಾಡಿ, ಮೆಲ್ಲಗೆ ಇಳಿಸಿದ. ಹಕ್ಕಿ ಕುಂತಿತು ಎಂದು.

ಕಾಕಾ ವಲ್ಲಿಯಿಂದ ಮುಖ ಒರೆಸಿಕೊಂಡರು. ವಲ್ಲಿಯ ತುಂಬ ಸುಣ್ಣವಿತ್ತು, ಮುಖವೆಲ್ಲ ಬೆಳ್ಳಗಾಯಿತು. ನಾನು "ತಪ್ಪಾಯ್ತು ಕಾಕಾ" ಎಂದು ಬಿಕ್ಕಿ ಬಿಕ್ಕಿ ಅತ್ತೆ. ಅವರು ಎಂದಿನಂತೆ ನನ್ನ ಹೆಗಲಾಚೆ ನೋಡುತ್ತ ಹೇಳಿದರು:

"ನೀವ್ ಚಲೋ ಮನಸಿಲಿಂದೇ ಮಾಡೀರಿ ಯವ್ವಾ. ನನಗ ಅದೇ ಅಂಜಿಕಿ. ಕೆಟ್ಟ ಮನಸಿನೋರು ಖರಾಬಿಗಿ ಬರಲ್ಲ ರೀ, ಅವರಿಗಿ ಇಲ್ಲೇನದ? ಚಲೋ ಮನಸಿನೋರೇ ಬರತಾರ. ಬಂದು ಗುರುತ ಹಾಕತಾರ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದು ಇಂದಿಗೂ ಚುಚ್ಚುತ್ತದೆ.

ಆ ಕಡೆ ಯಾರೂ ಹೋಗಬಾರದು ಎಂದು ಇಬ್ಬರೂ ಮಾತು ಮಾಡಿಕೊಂಡೆವು. ಹತ್ತೊಂಬತ್ತನೆಯ ದಿನ ನನ್ನಿಂದ ತಡೆಯಲಾಗಲಿಲ್ಲ. ಹೋಗಿ ನೋಡಿದೆ. ಕರೀ ಕಲ್ಲುಗಳ ನಡುವೆ ಏನೂ ಇರಲಿಲ್ಲ. ತತ್ತಿಯೂ ಇಲ್ಲ, ಒಡಕು ಚಿಪ್ಪೂ ಇಲ್ಲ, ಹಕ್ಕಿಯೂ ಇಲ್ಲ. ಮರಿಯಾಗಿ ಓಡಿದವೋ, ನರಿ ತಿಂದಿತೋ, ಅಂದಿನ ಬಿಸಿಲಿಗೇ ಬೆಂದುಹೋಗಿದ್ದವೋ. ಕಾಕಾನನ್ನು ಕೇಳಿದೆ. "ನನಗೇನ್ ಗೊತ್ರಿ" ಎಂದು ಬೇವಿನ ಗಿಡದ ಕಡೆ ನಡೆದುಬಿಟ್ಟರು. ಮರಿ ನೋಡುವ ಅವರ ಆಸೆಯನ್ನು ನಾನೇ ಕೊಂದೆ ಎಂದುಕೊಂಡೆ.

ಜೂನಿಗೆ ಅವರು ನಿವೃತ್ತರಾದರು. ಶಾಲು ಹೊದಿಸಿದೆವು, ಹಾರ ಹಾಕಿದೆವು. ಮುಗಿದ ಮೇಲೆ ನನ್ನನ್ನು ಬೇವಿನ ಗಿಡದ ಕೆಳಗೆ ಕರೆದು, ತಮಗೆ ಗೊತ್ತಿದ್ದ ಖರಾಬುಗಳನ್ನೆಲ್ಲ ಹೆಜ್ಜೆ ಲೆಕ್ಕದಲ್ಲಿ ಹೇಳಿದರು. ಬರೆದುಕೊಳ್ಳಲು ಬಿಡಲಿಲ್ಲ. ಮಗ್ಗಿ ಒಪ್ಪಿಸುವ ಹಾಗೆ ಮೂರು ಸಲ ನನ್ನ ಬಾಯಿಂದ ಒಪ್ಪಿಸಿಕೊಂಡರು. ಎರಡನೆಯ ಸಲ ಒಂದು ಕಡೆ ತಪ್ಪಿದೆ. "ಮತ್ತ ಮೊದಲಿಂದ" ಎಂದರು ಸಿಟ್ಟಿನಿಂದ.

ಹೋದ ಚಳಿಗಾಲದಲ್ಲಿ ಅವರಿಗೆ ದಮ್ಮು ಜಾಸ್ತಿಯಾದ ಸುದ್ದಿ ಬಂತು. ಚಿಮ್ಮನಚೋಡಕ್ಕೆ ಹೋದೆ. ಮಗಳ ಮನೆಯ ಅಂಗಳದ ಹೊರಸಿನ ಮೇಲೆ ಬಿಸಿಲು ಕಾಯಿಸುತ್ತ ಕುಳಿತಿದ್ದರು. ಮೈ ಇನ್ನೂ ಸೊರಗಿತ್ತು. ಮಗಳು ಚಹಾ ತಂದಿಟ್ಟಳು. ಕಾಕಾ ಕಪ್ಪಿನ ಕಡೆ ನೋಡದೆ, ಪಕ್ಕದ ತಂಬಿಗೆ ಮುಟ್ಟಿ, ಹೊದಿಕೆ ಸರಿಮಾಡಿ, ಆಮೇಲೆ ಕಪ್ಪಿಗೆ ಕೈ ಹಾಕಿದರು. ನನಗೆ ನಗು ಬಂತು, ಅಳುವೂ ಬಂತು.

"ಮೇಡಂ, ಒಂದ್ ಮಾತ ಮುಚ್ಚಿಟ್ಟೀನಿ ನಿಮ್ಮಕಡಿಂದ. ಆ ಬ್ಯಾಸಗ್ಯಾಗ ನಾನೂ ಮಾತ ತಪ್ಪೀನಿ. ನೀವ್ ಹೋಗೋ ಹಿಂದಿನ ದಿನ ಹೋಗಿದ್ದ್ಯಾ."

ನಾನು ಕಪ್ಪು ಕೆಳಗಿಟ್ಟೆ.

"ಎರಡೂ ಮರಿ ಆಗಿದ್ದ್ವು ರೀ. ಜೆಸಿಬಿ ತಿರಗಿಸಿದನಲ್ಲ, ಅದರ ಗಾಲಿ ಗುರುತ ಬಿದ್ದಿತ್ತಲ್ಲ ಆಳಕ್ಕ, ಅದರಾಗ ನೆರಳಿತ್ತು. ಆ ನೆರಳಾಗ ಎರಡೂ ಮರಿ ಒಂದಕ್ಕೊಂದು ಹತ್ತಿ ಕುಂತಿದ್ದ್ವು. ನನ್ನ ಮುಷ್ಟಿಯಷ್ಟೂ ಇಲ್ಲ. ಕಣ್ಣಿಗಿ ಕಾಡಗಿ ಇನ್ನಾ ಹಚ್ಚಿರಲಿಲ್ಲ."

"ಮತ್ತ್ಯಾಕ ಹೇಳಲಿಲ್ಲ ಕಾಕಾ? ಇಷ್ಟ್ ದಿನ ನಾ ಎಷ್ಟು ಸಂಕಟಪಟ್ಟೀನಿ!"

"ಹೇಳಿದ್ರ ನೀವ್ ಮತ್ತ ಓಡತಿದ್ರಿ. ಹೋದಲ್ಲಿ ಫೋಟೋ ತೆಗೀತಿದ್ರಿ. ತೆಗದಿದ್ದು ಇನ್ನೊಬ್ಬರಿಗಿ ತೋರಸ್ತಿದ್ರಿ." ದಮ್ಮು ತೆಗೆದುಕೊಂಡರು. "ನಿಮಗ ಸಂಕಟ ಆಗಲಿ ಅಂತನೇ ಬಿಟ್ಟೀನಿ. ಸಂಕಟಪಟ್ಟೋರು ಗುರುತ ಹಾಕಲ್ಲ."

ಎಂಥ ಮನುಷ್ಯ! ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಅವರ ಕೈ ಹಿಡಿದುಕೊಂಡೆ. ಆಗ ಅವರು ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದರು. ಯುಗಾದಿಗೆ ಇನ್ನೂ ಹತ್ತು ದಿನ ಇರುವಾಗ ಕಾಕಾ ಹೋದರು. ಮಣ್ಣಿಗೆ ಹೋದಾಗ ಮನೆಯ ಬಾಗಿಲಿನಿಂದ ಕುಣಿಯವರೆಗೆ ನನಗರಿವಿಲ್ಲದೆ ಹೆಜ್ಜೆ ಎಣಿಸಿದ್ದೆ. ಲೆಕ್ಕ ಇನ್ನೂ ನೆನಪಿದೆ. ಹೇಳುವುದಿಲ್ಲ.

ಈ ಬೇಸಿಗೆ ಒಬ್ಬಳೇ ಹೋಗಿ ಬಂದೆ. ಅಲ್ಲಿ ಏನು ಕಂಡೆ ಎಂಬುದನ್ನೂ ಬರೆಯುವುದಿಲ್ಲ. ಆದರೆ ಇಷ್ಟೆಲ್ಲ ಓದಿದ ನಿಮಗೆ ಒಂದು ತಪ್ಪೊಪ್ಪಿಗೆ ಬಾಕಿ ಇದೆ. ಆಡಕಿ ಎಂದು ಬರೆದೆನಲ್ಲ, ಆ ಜಾಗ ಆಡಕಿಯದ್ದಲ್ಲ. ಬಸ್ಸಿನ ದಾರಿಯೂ ಬೇರೆ, ಜಾಲಿ ಗಿಡವೂ ಬೇರೆ. ನೀವು ಒಳ್ಳೆಯ ಮನಸ್ಸಿನವರು ಎಂದು ನನಗೆ ಗೊತ್ತು. ಅದಕ್ಕೇ ಸುಳ್ಳು ಹೇಳಿದೆ.